ಮದರ್‌ಬೋರ್ಡ್ ಸೆನ್ಸರ್ ಲಿನಕ್ಸ್‌ಗೆ ಕಾಣದಿದ್ದಾಗ: ಇರುವ ದಾರಿಗಳಲ್ಲಿ ಯಾವುದನ್ನು ಹಿಡಿಯಬೇಕು?

ಏಪ್ರಿಲ್ ಮಧ್ಯಾಹ್ನ ಕೋಣೆಯ ಉಷ್ಣತೆ 34 ಡಿಗ್ರಿ ಇರುವಾಗ ಲಿನಕ್ಸ್ ಕಂಪ್ಯೂಟರಿನ ಟರ್ಮಿನಲ್‌ನಲ್ಲಿ ‘ಸೆನ್ಸರ್ಸ್’ ಎಂಬ ಆಜ್ಞೆ ಕೊಟ್ಟರೆ, ‘ಎಸಿಪಿಐಟಿಝಡ್’ ಎಂಬ ಹೆಸರಿನ ಕೆಳಗೆ 16.8 ಡಿಗ್ರಿ ಎಂದು ಬರುತ್ತದೆ. ಮರುದಿನ ಬೆಳಗಿನ ತಂಪಿನಲ್ಲಿ ನೋಡಿದರೂ 16.8, ಒಂದು ಗಂಟೆ ವಿಡಿಯೊ ರೆಂಡರ್ ಮಾಡಿ ಕ್ಯಾಬಿನೆಟ್ ಮುಟ್ಟಲಾಗದಷ್ಟು ಬಿಸಿಯಾದಾಗ ನೋಡಿದರೂ 16.8. ಫ್ಯಾನುಗಳು ಬಿರುಸಾಗಿ ತಿರುಗುವುದು ಕಿವಿಗೆ ಕೇಳುತ್ತಿದ್ದರೂ ಪಟ್ಟಿಯಲ್ಲಿ ಒಂದು ಫ್ಯಾನಿನ ಹೆಸರೂ ಇರುವುದಿಲ್ಲ. ಗಾಳಿಯಿಂದ ತಂಪಾಗುವ ಯಾವ ಯಂತ್ರವೂ ತಾನಿರುವ ಕೋಣೆಗಿಂತ ತಣ್ಣಗಿರಲು ಸಾಧ್ಯವಿಲ್ಲವಾದ್ದರಿಂದ, ಈ ಅಂಕಿ ಅಳತೆಯಲ್ಲ, ಫರ್ಮ್‌ವೇರ್ (ಬೋರ್ಡಿನಲ್ಲೇ ತುಂಬಿಟ್ಟ ಬಯಾಸ್ ತಂತ್ರಾಂಶ) ಒಪ್ಪಿಸಿದ ಒಂದು ಸ್ಥಿರ ಸಂಖ್ಯೆ ಎಂಬುದು ಸ್ಪಷ್ಟ. ಬೋರ್ಡಿನ ನಿಜವಾದ ಸೆನ್ಸರ್‌ಗಳು ಇನ್ನೂ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಕಣ್ಣಿಗೆ ಬಿದ್ದಿಲ್ಲ ಎಂದೇ ಇದರ ಅರ್ಥ.

ಇಂಥ ಹೊತ್ತಿನಲ್ಲಿ ಹುಡುಕಿದರೆ ಐದಾರು ಬಗೆಯ ಪರಿಹಾರಗಳು ಸಿಗುತ್ತವೆ. ಒಬ್ಬರು ಮಾಡ್ಯೂಲ್ (ಬೇಕಾದಾಗ ಕರ್ನಲ್‌ಗೆ ಸೇರಿಸುವ ಡ್ರೈವರ್) ಲೋಡ್ ಮಾಡಿ ಎನ್ನುತ್ತಾರೆ, ಇನ್ನೊಬ್ಬರು ಬೂಟ್ ಸಾಲಿಗೆ (ಯಂತ್ರ ಶುರುವಾಗುವಾಗ ಕರ್ನಲ್‌ಗೆ ಕೊಡುವ ಆಯ್ಕೆಗಳ ಸಾಲು) ಒಂದು ಪದ ಸೇರಿಸಿ ಎನ್ನುತ್ತಾರೆ, ಮತ್ತೊಬ್ಬರು ಹೊರಗಿನ ಡ್ರೈವರ್ ತಂದು ಕಂಪೈಲ್ ಮಾಡಿ ಎನ್ನುತ್ತಾರೆ. ಇವೆಲ್ಲ ಒಂದೇ ತೊಂದರೆಗೆ ಇರುವ ಬದಲಿ ಮದ್ದುಗಳಲ್ಲ. ಬೇರೆ ಬೇರೆ ತೊಂದರೆಗಳಿಗೆ ಇರುವ ಬೇರೆ ಬೇರೆ ಮದ್ದುಗಳು. ಹಾಗಾಗಿ ಮೊದಲು ತೊಂದರೆ ಯಾವ ಬಗೆಯದೆಂದು ತಿಳಿದುಕೊಂಡು, ಅದಕ್ಕೆ ಸಾಲುವ ದಾರಿಗಳಲ್ಲಿ ಬೋರ್ಡನ್ನು ಅತ್ಯಂತ ಕಡಿಮೆ ಕೆಣಕುವ ದಾರಿಯನ್ನು ಆರಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಆಜ್ಞೆ ಮತ್ತು ಮಾಡ್ಯೂಲ್‌ಗಳ ಹೆಸರನ್ನು ಉಚ್ಚಾರಣೆಯಂತೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಬೇಕು.

ಸೆನ್ಸರ್ ಎಲ್ಲಿದೆ, ಯಾರ ಕೈಯಲ್ಲಿದೆ

ಪ್ರೊಸೆಸರಿನ ಉಷ್ಣತೆ ಪ್ರೊಸೆಸರಿನ ಒಳಗೇ ಅಳೆಯಲ್ಪಡುತ್ತದೆ. ಇಂಟೆಲ್‌ಗೆ ‘ಕೋರ್‌ಟೆಂಪ್’, ಎಎಂಡಿಗೆ ‘ಕೆ10ಟೆಂಪ್’ ಎಂಬ ಡ್ರೈವರ್‌ಗಳು ಕರ್ನಲ್‌ನಲ್ಲೇ ಇದ್ದು, ಇವು ತಕರಾರು ಮಾಡುವುದು ಬಹಳ ಅಪರೂಪ. ತಕರಾರೆಲ್ಲ ಬರುವುದು ಫ್ಯಾನ್ ವೇಗ, ವೋಲ್ಟೇಜ್, ಬೋರ್ಡಿನ ಉಷ್ಣತೆಗಳ ವಿಷಯದಲ್ಲಿ. ಇವನ್ನು ನೋಡಿಕೊಳ್ಳುವುದು ‘ಸೂಪರ್ ಐಒ’ ಎಂಬ ಸಣ್ಣ ಚಿಪ್. ಹಿಂದೆ ಫ್ಲಾಪಿ, ಕೀಬೋರ್ಡ್, ಸೀರಿಯಲ್ ಪೋರ್ಟ್‌ಗಳನ್ನು ನೋಡಿಕೊಳ್ಳುತ್ತಿದ್ದ ಈ ಚಿಪ್‌ನ ಈಗಿನ ಮುಖ್ಯ ಕೆಲಸವೇ ಸೆನ್ಸರ್ ಮತ್ತು ಫ್ಯಾನುಗಳ ಉಸ್ತುವಾರಿ. ಗಿಗಾಬೈಟ್ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಐಟಿಇ ಕಂಪನಿಯ ಚಿಪ್, ಏಸಸ್, ಏಎಸ್‌ರಾಕ್, ಎಂಎಸ್ಐ ಬೋರ್ಡ್‌ಗಳಲ್ಲಿ ಹೆಚ್ಚಾಗಿ ನುವೊಟಾನ್ ಚಿಪ್ ಕಾಣಸಿಗುತ್ತದೆ. ನುವೊಟಾನ್ 2008ರಲ್ಲಿ ವಿನ್‌ಬಾಂಡ್‌ನಿಂದ ಬೇರೆಯಾದ ಕಂಪನಿಯಾದ್ದರಿಂದ ಹಳೆಯ ಬೋರ್ಡ್‌ಗಳಲ್ಲಿ ವಿನ್‌ಬಾಂಡ್ ಎಂಬ ಹೆಸರೇ ಇರುತ್ತದೆ.

ಈ ಚಿಪ್ ತನ್ನ ಗುರುತನ್ನು ತಾನಾಗಿ ಹೇಳಿಕೊಳ್ಳುವುದಿಲ್ಲ. ಯುಎಸ್‌ಬಿ ಸಾಧನದಂತೆ ಚುಚ್ಚಿದ ಕೂಡಲೇ ಹೆಸರು ಹೇಳುವ ಪದ್ಧತಿ ಇಲ್ಲಿಲ್ಲ. ಹೆಕ್ಸ್ (ಹದಿನಾರರ ಎಣಿಕೆ) 2ಇ ಅಥವಾ 4ಇ ಎಂಬ ಪೋರ್ಟಿಗೆ, ಅಂದರೆ ಚಿಪ್‌ನೊಡನೆ ಮಾತಾಡುವ ವಿಳಾಸಕ್ಕೆ, ಆಯಾ ಕಂಪನಿಯ ಗುಟ್ಟಿನ ಸಂಖ್ಯೆಗಳನ್ನು ಬರೆದರೆ ಮಾತ್ರ ಅದು ಬಾಗಿಲು ತೆರೆಯುತ್ತದೆ: ನುವೊಟಾನ್‌ಗೆ ಹೆಕ್ಸ್ 87 ಎಂದು ಎರಡು ಸಲ, ಐಟಿಇಗೆ 87, 01, 55 ಎಂದು ಶುರುವಾಗುವ ಬೇರೊಂದು ಸರಣಿ. ಬಾಗಿಲು ತೆರೆದ ಮೇಲೆ ಚಿಪ್‌ನ ಗುರುತುಸಂಖ್ಯೆ ಓದಿ, ಸೆನ್ಸರ್ ಭಾಗ ಯಾವ ವಿಳಾಸದಲ್ಲಿದೆ ಎಂದು ಕೇಳಿಕೊಂಡು, ಅಲ್ಲಿಂದ ಅಂಕಿಗಳನ್ನು ಓದಬೇಕು. ನುವೊಟಾನ್ ಚಿಪ್‌ಗಳಲ್ಲಿ ಈ ವಿಳಾಸ ಸಾಮಾನ್ಯವಾಗಿ ಹೆಕ್ಸ್ 290. ಈ ಸರಪಳಿಯ ಯಾವ ಕೊಂಡಿ ತಪ್ಪಿದರೂ ‘ಸೆನ್ಸರ್ ಸಿಗಲಿಲ್ಲ’ ಎಂಬ ಒಂದೇ ಉತ್ತರ ಬರುತ್ತದೆ. ಗೊಂದಲದ ಮೂಲ ಇದೇ.

ಪತ್ತೆಗೆ ಎರಡು ವಿಧಾನಗಳು

ಬಹುತೇಕರು ಮೊದಲು ಹಿಡಿಯುವುದು ಎಲ್ಎಂ-ಸೆನ್ಸರ್ಸ್ ಪ್ಯಾಕೇಜಿನಲ್ಲಿರುವ ‘ಸೆನ್ಸರ್ಸ್-ಡಿಟೆಕ್ಟ್’ ಎಂಬ ಪರ್ಲ್ ಸ್ಕ್ರಿಪ್ಟನ್ನು. (ಎಲ್ಎಂ ಎಂಬ ಎರಡಕ್ಷರ ಬಂದದ್ದು ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯ ಎಲ್ಎಂ78 ಎಂಬ ಹಳೆಯ ಚಿಪ್‌ನಿಂದ.) ಅದು ಒಂದೊಂದಾಗಿ ಪ್ರಶ್ನೆ ಕೇಳುತ್ತದೆ, ನಾವು ಎಂಟರ್ ಒತ್ತುತ್ತಾ ಹೋಗುತ್ತೇವೆ, ಕೊನೆಗೆ ಯಾವ ಮಾಡ್ಯೂಲ್ ಬೇಕೆಂದು ಹೇಳುತ್ತದೆ. ಹಳೆಯ ಬೋರ್ಡ್‌ಗಳ ಮಟ್ಟಿಗೆ ಇದಕ್ಕಿಂತ ಸುಲಭದ ದಾರಿಯಿಲ್ಲ. ಆದರೆ ಇದರ ಮೂರು ಮಿತಿಗಳನ್ನು ತಿಳಿದಿರಬೇಕು.

ಮೊದಲನೆಯದು, ಸ್ಕ್ರಿಪ್ಟಿನ ಚಿಪ್ ಪಟ್ಟಿ ಕರ್ನಲ್ಲಿನಷ್ಟು ಬೇಗ ಹೊಸದಾಗುವುದಿಲ್ಲ. 2019ರ ಅಕ್ಟೋಬರಿನಲ್ಲಿ 3.6.0 ಆವೃತ್ತಿ ಬಂದ ಮೇಲೆ ಮೂಲ ಯೋಜನೆಯ ಬಿಡುಗಡೆಗಳು ವಿರಳವಾಗಿವೆ. ಆದ್ದರಿಂದ ಸ್ಕ್ರಿಪ್ಟ್ ‘ಅಪರಿಚಿತ ಚಿಪ್’ ಎಂದು ಒಂದು ಗುರುತುಸಂಖ್ಯೆ ತೋರಿಸಿದ ಮಾತ್ರಕ್ಕೆ ಕರ್ನಲ್‌ನಲ್ಲಿ ಡ್ರೈವರ್ ಇಲ್ಲವೆಂದು ತೀರ್ಮಾನಿಸಬಾರದು. ಎರಡನೆಯದು, ಸಹಿ ಇರುವ ತಂತ್ರಾಂಶವನ್ನಷ್ಟೇ ಬೂಟ್ ಆಗಲು ಬಿಡುವ ಸೆಕ್ಯೂರ್ ಬೂಟ್ ಚಾಲೂ ಇರುವ ಉಬುಂಟು, ಫೆಡೋರಾ, ಡೆಬಿಯನ್‌ಗಳಲ್ಲಿ ಕರ್ನಲ್ ‘ಲಾಕ್‌ಡೌನ್’ ಸ್ಥಿತಿಗೆ ಹೋಗುತ್ತದೆ. ಆಗ ರೂಟ್ ಬಳಕೆದಾರರಿಗೂ ಪೋರ್ಟ್‌ಗಳನ್ನು ನೇರವಾಗಿ ಮುಟ್ಟುವ ಅನುಮತಿ ಇಲ್ಲದ ಕಾರಣ ಸ್ಕ್ರಿಪ್ಟಿಗೆ ಸೂಪರ್ ಐಒ ಬಾಗಿಲನ್ನು ತಟ್ಟಲಿಕ್ಕೇ ಆಗುವುದಿಲ್ಲ. ಬೋರ್ಡ್ ಸರಿಯಿದ್ದು, ಡ್ರೈವರ್ ಇದ್ದು, ಆದರೂ ‘ಏನೂ ಇಲ್ಲ’ ಎಂಬ ಉತ್ತರ ಬರುವ ಸಂದರ್ಭಗಳಲ್ಲಿ ಇದೂ ಒಂದು. ಕರ್ನಲ್ಲಿನ ಒಳಗಿರುವ, ಸಹಿ ಇರುವ ಡ್ರೈವರಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ.

ಮೂರನೆಯದು ಸುರಕ್ಷತೆಯದು. ಸ್ಕ್ರಿಪ್ಟ್ ಎಸ್‌ಎಂಬಸ್ ಎಂಬ ತಂತಿಯ ಮೇಲಿನ ಸಾಧನಗಳನ್ನೂ ತಡಕುವುದಕ್ಕೆ ಮುಂದಾಗುತ್ತದೆ. 2000ದ ದಶಕದ ಆರಂಭದಲ್ಲಿ ಕೆಲವು ಐಬಿಎಂ ಥಿಂಕ್‌ಪ್ಯಾಡ್‌ಗಳಲ್ಲಿ ಹೀಗೆ ತಡಕಿದ್ದರಿಂದ ಒಳಗಿನ ಇಇಪ್ರಾಮ್ ಎಂಬ ಸಣ್ಣ ಮೆಮೊರಿ ಚಿಪ್ ಹಾಳಾಗಿ, ಬೋರ್ಡನ್ನೇ ಬದಲಿಸಬೇಕಾಗಿ ಬಂದ ಪ್ರಕರಣಗಳು ದಾಖಲಾಗಿವೆ. ಆಮೇಲೆ ಆ ಯೋಜನೆಯವರು ಎಚ್ಚರಿಕೆಗಳನ್ನು ಸೇರಿಸಿದರು. ಇಂದಿಗೂ ಸ್ಕ್ರಿಪ್ಟ್ ಅಪಾಯವಿದೆಯೆಂದು ಹೇಳಿ ‘ನೋ’ ಎಂಬುದನ್ನು ಡೀಫಾಲ್ಟ್ ಆಗಿಟ್ಟ ಪ್ರಶ್ನೆಗೆ ‘ಎಸ್’ ಎನ್ನಬೇಕಾದ ಅಗತ್ಯ ಸಾಮಾನ್ಯ ಬಳಕೆದಾರರಿಗೆ ಇಲ್ಲ.

ಇನ್ನೊಂದು ವಿಧಾನ ನನಗೆ ಹೆಚ್ಚು ಇಷ್ಟ. ಬೋರ್ಡಿನ ಮೇಲಿರುವ ಚಿಪ್‌ನ ಹೆಸರನ್ನು ಓದಿ, ಅದಕ್ಕೆ ತಕ್ಕ ಮಾಡ್ಯೂಲನ್ನು ‘ಮಾಡ್‌ಪ್ರೋಬ್’ ಆಜ್ಞೆಯಿಂದ ಕೈಯಾರೆ ಲೋಡ್ ಮಾಡಿ, ಕೂಡಲೇ ‘ಡಿಮೆಸ್ಗ್’ ಆಜ್ಞೆಯಿಂದ ಕರ್ನಲ್ ಲಾಗ್ (ಕರ್ನಲ್‌ನ ದಿನಚರಿ) ನೋಡುವುದು. ನುವೊಟಾನ್ ಚಿಪ್ ಆದರೆ ‘ಎನ್‌ಸಿಟಿ6775’, ಐಟಿಇ ಆದರೆ ‘ಐಟಿ87’. ಮಾಡ್ಯೂಲಿನ ಹೆಸರಿನಲ್ಲಿರುವ ಸಂಖ್ಯೆಗೂ ನಿಮ್ಮ ಚಿಪ್‌ನ ಸಂಖ್ಯೆಗೂ ಹೊಂದಿಕೆಯಾಗಬೇಕಿಲ್ಲ. ಒಂದು ಡ್ರೈವರ್ ಇಡೀ ಕುಟುಂಬವನ್ನು ನೋಡಿಕೊಳ್ಳುತ್ತದೆ. ಲಾಗಿನಲ್ಲಿ ‘ಎನ್‌ಸಿಟಿ6798ಡಿ ಅಥವಾ ಅದಕ್ಕೆ ಹೊಂದುವ ಚಿಪ್ 2ಇ:290ರಲ್ಲಿ ಸಿಕ್ಕಿತು’ ಎಂಬರ್ಥದ ಸಾಲು ಬಂದರೆ ಕೆಲಸ ಮುಗಿಯಿತು. ‘ಬೆಂಬಲವಿಲ್ಲದ ಚಿಪ್’ ಎಂದು ಬಂದರೆ ಡ್ರೈವರಿಗೆ ಗುರುತು ಗೊತ್ತಿಲ್ಲ. ಚಿಪ್ ಸಿಕ್ಕಿದ ಸಾಲಿನ ಹಿಂದೆಯೇ ‘295ರಿಂದ 296ರವರೆಗಿನ ಪೋರ್ಟ್ ಎಸಿಪಿಐ ಪ್ರದೇಶದೊಂದಿಗೆ ಘರ್ಷಿಸುತ್ತದೆ’ ಎಂಬ ಎಚ್ಚರಿಕೆ ಬಂದರೆ (ಎಸಿಪಿಐ ಎಂದರೆ ಫರ್ಮ್‌ವೇರ್ ಮತ್ತು ಕರ್ನಲ್ ನಡುವಿನ ಸಂಪರ್ಕದ ಏರ್ಪಾಡು), ಚಿಪ್ ಗೊತ್ತಿದೆ, ಆದರೆ ಫರ್ಮ್‌ವೇರ್ ಅದನ್ನು ತನಗೆಂದು ಕಾದಿರಿಸಿಕೊಂಡಿದೆ. ಏನೂ ಬಾರದಿದ್ದರೆ ಚಿಪ್ ಆ ಕಂಪನಿಯದ್ದಲ್ಲ, ಅಥವಾ ಸೆನ್ಸರ್‌ಗಳು ಬೇರೆಯವರ ಕೈಯಲ್ಲಿವೆ. ಮಾಡ್‌ಪ್ರೋಬ್ ಕೊಡುವ ಒಂದು ಸಾಲಿನ ದೋಷಸಂದೇಶವನ್ನು ಮಾತ್ರ ನೋಡಿ ಇವುಗಳಲ್ಲಿ ಯಾವುದೆಂದು ಊಹಿಸಲು ಹೋಗಬಾರದು. ಉತ್ತರ ಇರುವುದು ಲಾಗಿನಲ್ಲಿ.

ಮಾಡ್ಯೂಲ್ ಲೋಡ್ ಮಾಡುವುದಷ್ಟೇ ಬಾಕಿಯಿದ್ದರೆ

ಇದು ಅತಿ ಸಾಮಾನ್ಯ ಮತ್ತು ಅತಿ ಸರಳ ಸಂದರ್ಭ. ಸೂಪರ್ ಐಒ ಡ್ರೈವರ್‌ಗಳು ತಾವಾಗಿ ಲೋಡ್ ಆಗುವುದಿಲ್ಲವಾದ್ದರಿಂದ, ಹೊಸದಾಗಿ ಲಿನಕ್ಸ್ ಹಾಕಿಕೊಂಡ ಯಂತ್ರದಲ್ಲಿ ಫ್ಯಾನುಗಳು ಕಾಣದಿರುವುದು ಸಹಜ. ಇಟಿಸಿ ಕೆಳಗಿನ ‘ಮಾಡ್ಯೂಲ್ಸ್-ಲೋಡ್.ಡಿ’ ಎಂಬ ಫೋಲ್ಡರಿನಲ್ಲಿ ಮಾಡ್ಯೂಲಿನ ಹೆಸರಿರುವ ಒಂದು ಫೈಲ್ ಇಟ್ಟರೆ ಪ್ರತಿ ಬೂಟ್‌ನಲ್ಲೂ ಅದು ಬರುತ್ತದೆ. ಕರ್ನಲ್ ಅಪ್‌ಡೇಟ್ ಆದರೂ ಕೆಡುವುದಿಲ್ಲ, ಸೆಕ್ಯೂರ್ ಬೂಟ್‌ಗೂ ತಕರಾರಿಲ್ಲ. ಈ ದಾರಿ ಸಿಕ್ಕಿದವರು ಮುಂದಿನ ಯಾವ ದಾರಿಯ ಕಡೆಗೂ ನೋಡಬೇಕಾಗಿಲ್ಲ.

ಫರ್ಮ್‌ವೇರ್ ಪೋರ್ಟ್ ಹಿಡಿದುಕೊಂಡಿದ್ದರೆ

ಹೆಚ್ಚು ಚರ್ಚೆ, ಹೆಚ್ಚು ತಪ್ಪು ಸಲಹೆ ಇರುವುದು ಈ ಸಂದರ್ಭಕ್ಕೆ. ಇಲ್ಲಿ ಎರಡು ದಾರಿಗಳಿವೆ: ಫರ್ಮ್‌ವೇರ್ ಮೂಲಕವೇ ಕೇಳಿ ಪಡೆಯುವುದು, ಇಲ್ಲವೇ ಫರ್ಮ್‌ವೇರ್ ಮಾತನ್ನು ಕಡೆಗಣಿಸಿ ನೇರವಾಗಿ ಓದುವುದು.

ಕಡೆಗಣಿಸುವ ದಾರಿ ಒಂದೇ ಸಾಲಿನದು. ಬೂಟ್ ಸಾಲಿಗೆ ‘ಎಸಿಪಿಐ ಎನ್‌ಫೋರ್ಸ್ ರಿಸೋರ್ಸಸ್’ ಎಂಬ ಆಯ್ಕೆಯನ್ನು ಅಂಡರ್‌ಸ್ಕೋರ್‌ಗಳೊಂದಿಗೆ ಸೇರಿಸಿ, ಅದಕ್ಕೆ ‘ಲ್ಯಾಕ್ಸ್’ ಎಂಬ ಬೆಲೆ ಕೊಟ್ಟರೆ ಸಾಕು. ಘರ್ಷಣೆಯ ಎಚ್ಚರಿಕೆ ಬಂದರೂ ಡ್ರೈವರ್ ಲೋಡ್ ಆಗುತ್ತದೆ, ಫ್ಯಾನುಗಳು ಕಾಣುತ್ತವೆ. ಇಷ್ಟು ಸುಲಭವಾದದ್ದನ್ನು ಕರ್ನಲ್ ಯಾಕೆ ತಾನಾಗಿ ಮಾಡುವುದಿಲ್ಲ ಎಂಬ ಪ್ರಶ್ನೆ ಏಳುತ್ತದೆ.

ಸೆನ್ಸರ್ ಓದುವುದು ಎರಡು ಹೆಜ್ಜೆಯ ಕೆಲಸ. ಹೆಕ್ಸ್ 295 ಎಂಬ ಪೋರ್ಟಿಗೆ ‘ನನಗೆ ಇಂಥ ರಿಜಿಸ್ಟರ್ (ಚಿಪ್ ಒಳಗಿನ ಅಂಕಿಯ ಖಾನೆ) ಬೇಕು’ ಎಂದು ಅದರ ಸಂಖ್ಯೆ ಬರೆಯಬೇಕು. ಆಮೇಲೆ 296ರಿಂದ ಉತ್ತರ ಓದಬೇಕು. ಒಂದೇ ಕಿಟಕಿಯಿರುವ ಗ್ರಂಥಾಲಯದಲ್ಲಿ ಪುಸ್ತಕದ ಸಂಖ್ಯೆಯನ್ನು ಚೀಟಿಯ ಮೇಲೆ ಬರೆದಿಟ್ಟು ಕೈ ಚಾಚುವಷ್ಟರಲ್ಲಿ, ಪಕ್ಕದವರು ಬಂದು ಅದೇ ಚೀಟಿಯ ಮೇಲೆ ಬೇರೆ ಸಂಖ್ಯೆ ಬರೆದರೆ ನಮ್ಮ ಕೈಗೆ ಬರುವುದು ಅವರ ಪುಸ್ತಕ. ಡ್ರೈವರ್ ಮೊದಲ ಹೆಜ್ಜೆ ಮುಗಿಸಿ ಎರಡನೆಯದಕ್ಕೆ ಹೋಗುವ ನಡುವೆ ಫರ್ಮ್‌ವೇರಿನ ಎಸಿಪಿಐ ಕೋಡ್ ಅದೇ ಪೋರ್ಟನ್ನು ಬಳಸಿದರೆ ಇದೇ ಆಗುತ್ತದೆ. ಓದುವಾಗ ಹೀಗಾದರೆ ಒಂದು ಕ್ಷಣ 128 ಡಿಗ್ರಿ ಎಂಬಂಥ ಅಸಂಗತ ಅಂಕಿ ಬಂದು ಹೋಗಬಹುದು, ಅಷ್ಟೇ. ಬರೆಯುವಾಗ ಹೀಗಾದರೆ ಫ್ಯಾನಿನ ವೇಗಕ್ಕೆಂದು ಬರೆದ ಸಂಖ್ಯೆ ಇನ್ನಾವುದೋ ರಿಜಿಸ್ಟರಿಗೆ ಹೋಗಿ ಕೂರುತ್ತದೆ. ಕರ್ನಲ್ 2.6.31ರಿಂದ ಈ ತಪಾಸಣೆಯನ್ನು ಡೀಫಾಲ್ಟ್ ಆಗಿ ಕಟ್ಟುನಿಟ್ಟು ಮಾಡಿದ್ದು ಇದೇ ಕಾರಣಕ್ಕೆ. ಬಹಳ ಬೋರ್ಡ್‌ಗಳಲ್ಲಿ ಫರ್ಮ್‌ವೇರ್ ಆ ಪ್ರದೇಶವನ್ನು ಘೋಷಿಸಿಟ್ಟಿದ್ದರೂ ಬೂಟ್ ಆದ ಮೇಲೆ ಮುಟ್ಟುವುದೇ ಇಲ್ಲ ಎಂಬುದೂ ನಿಜ; ಲ್ಯಾಕ್ಸ್ ಹಾಕಿಕೊಂಡು ವರ್ಷಗಟ್ಟಲೆ ಏನೂ ಆಗದವರು ಬಹಳ ಮಂದಿ ಇದ್ದಾರೆ. ಆದರೆ ನಿಮ್ಮ ಬೋರ್ಡ್ ಆ ಗುಂಪಿನದೇ ಎಂದು ಹೊರಗಿನಿಂದ ತಿಳಿಯುವ ಸುಲಭ ಉಪಾಯವಿಲ್ಲ.

ಲ್ಯಾಕ್ಸ್‌ನ ಇನ್ನೊಂದು ದೋಷವೆಂದರೆ ಅದು ಇಡೀ ವ್ಯವಸ್ಥೆಗೆ ಅನ್ವಯಿಸುತ್ತದೆ. ಒಂದು ಚಿಪ್‌ಗಾಗಿ ಮನೆಯ ಎಲ್ಲ ಬಾಗಿಲುಗಳ ಚಿಲಕ ತೆಗೆದಿಟ್ಟಂತೆ, ಎಸ್‌ಎಂಬಸ್ ಡ್ರೈವರ್ ಸೇರಿದಂತೆ ಎಲ್ಲಕ್ಕೂ ತಪಾಸಣೆ ಸಡಿಲವಾಗುತ್ತದೆ. ಐಟಿಇ ಚಿಪ್ ಇರುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಈಗಿದೆ: ಹೊಸ ಕರ್ನಲ್‌ಗಳ ಐಟಿ87 ಮಾಡ್ಯೂಲಿಗೆ ‘ಇಗ್ನೋರ್ ರಿಸೋರ್ಸ್ ಕಾನ್‌ಫ್ಲಿಕ್ಟ್’ ಎಂಬ ಸ್ವಂತ ಆಯ್ಕೆ ಬಂದಿದ್ದು, ಅದಕ್ಕೆ 1 ಎಂದು ಕೊಟ್ಟರೆ ಸಡಿಲಿಕೆ ಆ ಒಂದು ಡ್ರೈವರಿಗೆ ಮಾತ್ರ ಸೀಮಿತವಾಗುತ್ತದೆ. ಎರಡರಲ್ಲಿ ಒಂದನ್ನು ಆರಿಸುವುದಾದರೆ ಇದನ್ನೇ ಆರಿಸಬೇಕು. ಐಟಿಇ ಬೋರ್ಡಿಗೆ ಲ್ಯಾಕ್ಸ್ ಹಾಕಿ ಎನ್ನುವ ಸಲಹೆ ಈಗ ಹಳತಾಗಿದೆ.

ಫರ್ಮ್‌ವೇರ್ ಮೂಲಕ ಕೇಳುವ ದಾರಿ ತಾತ್ವಿಕವಾಗಿ ಸರಿಯಾದದ್ದು, ಆದರೆ ಬೋರ್ಡಿನಿಂದ ಬೋರ್ಡಿಗೆ ಅದರ ಗುಣ ಬದಲಾಗುತ್ತದೆ. ಏಸಸ್ ಬೋರ್ಡ್‌ಗಳ ಮಟ್ಟಿಗೆ 2022ರ ಮಾರ್ಚಿನಲ್ಲಿ ಬಂದ ಕರ್ನಲ್ 5.17 ದೊಡ್ಡ ತಿರುವು. ಅಲ್ಲಿಂದ ಎನ್‌ಸಿಟಿ6775 ಡ್ರೈವರ್ ತನ್ನ ಪಟ್ಟಿಯಲ್ಲಿರುವ ಏಸಸ್ ಬೋರ್ಡ್ ಕಂಡರೆ ಪೋರ್ಟನ್ನು ನೇರವಾಗಿ ಮುಟ್ಟದೆ, ಡಬ್ಲ್ಯೂಎಂಐ ಎಂಬ ಫರ್ಮ್‌ವೇರ್ ಸಂಪರ್ಕದ ಮೂಲಕ ಓದುತ್ತದೆ, ಬರೆಯುತ್ತದೆ. ಹಾಗಾಗಿ ಲ್ಯಾಕ್ಸ್ ಇಲ್ಲದೆಯೇ ಪೂರ್ಣ ಸೌಲಭ್ಯ ಸಿಗುತ್ತದೆ. ಹಳೆಯ ಕರ್ನಲ್ ಇಟ್ಟುಕೊಂಡು ಬೂಟ್ ಸಾಲನ್ನು ತಿದ್ದುವುದಕ್ಕಿಂತ ಕರ್ನಲ್ ಹೊಸದು ಮಾಡಿಕೊಳ್ಳುವುದೇ ಇಲ್ಲಿ ಮೇಲು. ‘ಏಸಸ್ ಇಸಿ ಸೆನ್ಸರ್ಸ್’ ಎಂಬ ಇನ್ನೊಂದು ಡ್ರೈವರ್ ಎಂಬೆಡೆಡ್ ಕಂಟ್ರೋಲರ್ ಎಂಬ ಬೋರ್ಡಿನ ಇನ್ನೊಂದು ನಿಯಂತ್ರಕ ಚಿಪ್‌ನಿಂದ ವಿಆರ್‌ಎಂ (ಪ್ರೊಸೆಸರಿಗೆ ವಿದ್ಯುತ್ ಹೊಂದಿಸಿಕೊಡುವ ಭಾಗ) ಉಷ್ಣತೆಯಂಥ ಹೆಚ್ಚುವರಿ ಅಂಕಿಗಳನ್ನು ತರುತ್ತದೆ.

ಗಿಗಾಬೈಟ್ ಬೋರ್ಡ್‌ಗಳಿಗೆ ಕರ್ನಲ್ 5.13ರಿಂದ ‘ಗಿಗಾಬೈಟ್ ಡಬ್ಲ್ಯೂಎಂಐ’ ಡ್ರೈವರ್ ಇದೆ. ಇದು ಕೊಡುವುದು ಹೆಸರಿಲ್ಲದ ಆರು ಉಷ್ಣತೆಗಳನ್ನು ಮಾತ್ರ; ಫ್ಯಾನೂ ಇಲ್ಲ, ವೋಲ್ಟೇಜೂ ಇಲ್ಲ. ಯಾವ ಉಷ್ಣತೆ ಯಾವ ಜಾಗದ್ದೆಂದು ನಾವೇ ಬಯಾಸ್ ಪರದೆಯೊಂದಿಗೆ ಹೋಲಿಸಿ ಕಂಡುಕೊಳ್ಳಬೇಕು. ಬಿಸಿ ಗೊತ್ತಾದರೆ ಸಾಕೆನ್ನುವವರಿಗೆ ಅಷ್ಟೇ ಸಾಕು.

ಫರ್ಮ್‌ವೇರ್ ದಾರಿಯೆಂದ ಮಾತ್ರಕ್ಕೆ ನಿರಪಾಯವೆಂದು ತಿಳಿಯುವುದೂ ತಪ್ಪು. ‘ಏಸಸ್ ಡಬ್ಲ್ಯೂಎಂಐ ಸೆನ್ಸರ್ಸ್’ ಎಂಬ ಡ್ರೈವರಿನ ಕರ್ನಲ್ ದಾಖಲೆಯಲ್ಲೇ ಒಂದು ಎಚ್ಚರಿಕೆ ಇದೆ: ಕೆಲವು ಬಯಾಸ್‌ಗಳ ಡಬ್ಲ್ಯೂಎಂಐ ಕೋಡಿನಲ್ಲಿ ದೋಷವಿದ್ದು, ಅದರಿಂದ ಫ್ಯಾನುಗಳು ನಿಂತುಹೋಗಬಹುದು, ಗರಿಷ್ಠ ವೇಗದಲ್ಲೇ ಸಿಕ್ಕಿಹಾಕಿಕೊಳ್ಳಬಹುದು, ಇಲ್ಲವೇ ಉಷ್ಣತೆಯ ಅಂಕಿ ಅಲುಗದೆ ನಿಲ್ಲಬಹುದು, ಎಷ್ಟು ಸಲ ಕೇಳುತ್ತೇವೋ ಅಷ್ಟು ಸಂಭವ ಹೆಚ್ಚು. ಡೆಸ್ಕ್‌ಟಾಪಿನ ಮೂಲೆಯಲ್ಲಿ ಅರೆಕ್ಷಣಕ್ಕೊಮ್ಮೆ ಉಷ್ಣತೆ ತೋರಿಸುವ ಆಪ್ಲೆಟ್ ಇಟ್ಟುಕೊಳ್ಳುವ ಚಪಲ ಇರುವವರು ಇದನ್ನು ನೆನಪಿಡಬೇಕು.

ಡ್ರೈವರಿಗೆ ಚಿಪ್ ಗೊತ್ತಿಲ್ಲದಿದ್ದರೆ

ಇದು ಐಟಿಇ ಚಿಪ್‌ಗಳಲ್ಲಿ ಹೆಚ್ಚು. ಎಎಂಡಿಯ 500 ಸರಣಿಯ ಗಿಗಾಬೈಟ್ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿರುವ ಐಟಿ8688ರಂಥ ಚಿಪ್‌ಗಳಿಗೆ ಬಹುಕಾಲ ಮುಖ್ಯ ಕರ್ನಲ್‌ನಲ್ಲಿ ಬೆಂಬಲವಿರಲಿಲ್ಲ. ಇಲ್ಲಿಯೂ ಎರಡು ದಾರಿ.

‘ಫೋರ್ಸ್ ಐಡಿ’ ಎಂಬುದು ಮೊದಲನೆಯದು. ಗೊತ್ತಿರುವ ಹಳೆಯ ಚಿಪ್ ಒಂದರ ಸಂಖ್ಯೆಯನ್ನು, ಹೆಚ್ಚಾಗಿ ಹೆಕ್ಸ್ 8628 ಎಂಬುದನ್ನು, ಡ್ರೈವರಿಗೆ ಕೊಟ್ಟು ‘ಇದು ಅದೇ ಎಂದುಕೋ’ ಎನ್ನುವುದು. ಒಂದೇ ಕುಟುಂಬದ ಚಿಪ್‌ಗಳ ರಿಜಿಸ್ಟರ್‌ಗಳು ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಅಂಕಿಗಳು ಬರುತ್ತವೆ. ಆದರೆ ಬಹುಮಟ್ಟಿಗೆ ಎಂಬ ಪದದ ಒಳಗೇ ಅಪಾಯವಿದೆ. ಒಂದು ಫ್ಯಾನ್ ಕಾಣೆಯಾಗುವುದು, ವೋಲ್ಟೇಜಿನ ಗುಣಕ ಬೇರೆಯಾಗುವುದು ಓದುವ ಮಟ್ಟಿನ ತೊಂದರೆಗಳು. ಫ್ಯಾನ್ ನಿಯಂತ್ರಣದ ರಿಜಿಸ್ಟರ್ ವಿನ್ಯಾಸ ಬೇರೆಯಿದ್ದರೆ ಬರೆಯುವ ಮಟ್ಟಿನ ತೊಂದರೆ. ಡ್ರೈವರಿನ ದಾಖಲೆಯೂ ಈ ಆಯ್ಕೆಯನ್ನು ಪರೀಕ್ಷೆಗೆಂದು ಕೊಟ್ಟಿದೆಯೇ ಹೊರತು ದಿನಬಳಕೆಗಲ್ಲ. ನನ್ನ ಮಟ್ಟಿಗೆ ಫೋರ್ಸ್ ಐಡಿ ಒಂದು ಸಂಜೆಯ ಪರೀಕ್ಷೆಗೆ ಸರಿ.

ಎರಡನೆಯದು ಮುಖ್ಯ ಕರ್ನಲ್‌ನ ಮೂಲಕೋಡಿನ ಹೊರಗೆ ಬೆಳೆಯುತ್ತಿರುವ ಐಟಿ87 ಡ್ರೈವರನ್ನು ತಂದು ಡಿಕೆಎಂಎಸ್ (ಕರ್ನಲ್ ಬದಲಾದಾಗ ಡ್ರೈವರನ್ನು ಮತ್ತೆ ಕಂಪೈಲ್ ಮಾಡುವ ಸಾಧನ) ಮೂಲಕ ಹಾಕಿಕೊಳ್ಳುವುದು. ಇದರಲ್ಲಿ ಹೊಸ ಚಿಪ್‌ಗಳ ಗುರುತು, ಒಂದೇ ಬೋರ್ಡಿನಲ್ಲಿ ಎರಡು ಐಟಿಇ ಚಿಪ್ ಇರುವ ಸಂದರ್ಭದ ಬೆಂಬಲ ಎಲ್ಲ ಇವೆ. ಬೆಲೆ ತೆರಬೇಕಾದದ್ದು ನಿರ್ವಹಣೆಯಲ್ಲಿ. ಕರ್ನಲ್ ಹೊಸದಾದಾಗಲೆಲ್ಲ ಮಾಡ್ಯೂಲ್ ಮತ್ತೆ ಕಂಪೈಲ್ ಆಗಬೇಕು; ಕರ್ನಲ್ ಹೆಡರ್ ಪ್ಯಾಕೇಜ್ ಇಲ್ಲದಿದ್ದರೆ ಅದು ಸದ್ದಿಲ್ಲದೆ ವಿಫಲವಾಗಿ, ಮುಂದಿನ ಬೂಟ್‌ನಲ್ಲಿ ಫ್ಯಾನುಗಳು ಮತ್ತೆ ಮಾಯ. ಸೆಕ್ಯೂರ್ ಬೂಟ್ ಇದ್ದರೆ ನಿಮ್ಮದೇ ಕೀಲಿಯಿಂದ ಮಾಡ್ಯೂಲಿಗೆ ಸಹಿ ಹಾಕಿ, ಆ ಕೀಲಿಯನ್ನು ‘ಮಾಕ್‌ಯುಟಿಲ್’ ಎಂಬ ಆಜ್ಞೆಯಿಂದ ನೋಂದಾಯಿಸಿ, ಮರುಬೂಟ್‌ನಲ್ಲಿ ಬರುವ ನೀಲಿ ಪರದೆಯಲ್ಲಿ ಒಪ್ಪಿಗೆ ಕೊಡಬೇಕು. ಉಬುಂಟುವಿನಲ್ಲಿ ಡಿಕೆಎಂಎಸ್ ಈ ಕೆಲಸದ ಬಹುಭಾಗವನ್ನು ತಾನೇ ಮಾಡಿ ಒಂದು ಪಾಸ್‌ವರ್ಡ್ ಮಾತ್ರ ಕೇಳುತ್ತದೆ. ಆ ಪಾಸ್‌ವರ್ಡ್ ಬೇಕಾಗುವುದು ಮರುಬೂಟ್ ಆದ ಮೇಲೆ ಒಮ್ಮೆ ಮಾತ್ರ, ಆದರೆ ಬರೆದಿಟ್ಟುಕೊಳ್ಳದವರು ಆ ನೀಲಿ ಪರದೆಯ ಮುಂದೆ ಪರದಾಡುವುದನ್ನು ಕಂಡಿದ್ದೇನೆ.

ಇಷ್ಟಾದರೂ, ವರ್ಷಗಟ್ಟಲೆ ಬಳಸುವ ಯಂತ್ರಕ್ಕೆ ಫೋರ್ಸ್ ಐಡಿಗಿಂತ ಹೊರಗಿನ ಡ್ರೈವರೇ ಮೇಲು. ಅದು ಚಿಪ್‌ನ ನಿಜವಾದ ಗುರುತನ್ನು ಬಲ್ಲದು. ಮೊದಲು ಮಾತ್ರ ಈಗಿನ ಮುಖ್ಯ ಕರ್ನಲ್‌ನಲ್ಲಿ ನಿಮ್ಮ ಚಿಪ್ ಸೇರಿದೆಯೇ ಎಂದು ನೋಡಿ, ಸೇರಿದ್ದರೆ ಹೊರಗಿನದರ ಗೊಡವೆ ಬೇಡ.

ಎಂಎಸ್ಐ ಬೋರ್ಡ್‌ಗಳಲ್ಲಿ ಬರುವ ಎನ್‌ಸಿಟಿ6687ಡಿ ಚಿಪ್ ಹೆಸರಿಗೆ ನುವೊಟಾನ್ ಆದರೂ ಎನ್‌ಸಿಟಿ6775 ಕುಟುಂಬಕ್ಕೆ ಸೇರದು; ಅದಕ್ಕೆ ‘ಎನ್‌ಸಿಟಿ6683’ ಎಂಬ ಬೇರೆ ಡ್ರೈವರ್. ಕೆಲವು ಬೋರ್ಡ್‌ಗಳಲ್ಲಿ ಅದಕ್ಕೆ ‘ಫೋರ್ಸ್’ ಆಯ್ಕೆ ಕೊಟ್ಟರೇ ಓದುತ್ತದೆ. ಫ್ಯಾನ್ ನಿಯಂತ್ರಿಸಲೇಬೇಕೆಂದರೆ ಆ ಚಿಪ್‌ಗೂ ಹೊರಗಿನ ಡ್ರೈವರ್ ಒಂದಿದೆ.

ಸೂಪರ್ ಐಒ ದಾರಿಯೇ ಅಲ್ಲದ ಯಂತ್ರಗಳು

ಸರ್ವರ್ ಬೋರ್ಡಿನಲ್ಲಿ ಫ್ಯಾನುಗಳು ಬಿಎಂಸಿ ಎಂಬ ಪ್ರತ್ಯೇಕ ಸಣ್ಣ ಕಂಪ್ಯೂಟರಿನ ಕೈಯಲ್ಲಿರುತ್ತವೆ. ಅಲ್ಲಿ ಸೂಪರ್ ಐಒ ಸಿಕ್ಕಿದರೂ ಅದಕ್ಕೆ ತಂತಿಯೇ ಜೋಡಿಸಿರುವುದಿಲ್ಲ. ‘ಐಪಿಎಂಐಟೂಲ್ ಸೆನ್ಸರ್’ ಎಂಬ ಆಜ್ಞೆ ಕೊಟ್ಟರೆ ಹೆಸರು, ಮಿತಿಗಳ ಸಮೇತ ಎಲ್ಲ ಬರುತ್ತದೆ. ಹಳೆಯ ಸರ್ವರ್ ಕೊಂಡು ಮನೆಯಲ್ಲಿಟ್ಟವರು ಬೇರೆ ಯಾವುದನ್ನೂ ಪ್ರಯತ್ನಿಸುವ ಅಗತ್ಯವಿಲ್ಲ. ಲ್ಯಾಪ್‌ಟಾಪ್‌ಗಳಲ್ಲಿ ಎಂಬೆಡೆಡ್ ಕಂಟ್ರೋಲರ್ ಯಜಮಾನ. ಥಿಂಕ್‌ಪ್ಯಾಡಿಗೆ ‘ಥಿಂಕ್‌ಪ್ಯಾಡ್ ಎಸಿಪಿಐ’, ಡೆಲ್‌ಗೆ ‘ಡೆಲ್ ಎಸ್‌ಎಂಎಂ’ ಡ್ರೈವರ್ ಬಳಸಬೇಕು. ಇನ್ನು ಲಿನಕ್ಸ್ ಬಿಟ್ಟು ಓಪನ್‌ಬಿಎಸ್‌ಡಿ ಬಳಸುವವರಿಗೆ ಕಥೆ ಚಿಕ್ಕದು: ಡ್ರೈವರ್‌ಗಳು ಬೂಟ್‌ನಲ್ಲೇ ಹುಡುಕುತ್ತವೆ, ಸಿಕ್ಕಿದ್ದು ‘ಸಿಸ್‌ಸಿಟಿಎಲ್’ ಆಜ್ಞೆಯ ಎಚ್‌ಡಬ್ಲ್ಯೂ ಸೆನ್ಸರ್ಸ್ ಕೆಳಗೆ ಬರುತ್ತದೆ, ಸಿಗದಿದ್ದರೆ ತಿರುಗಿಸಲು ಹೆಚ್ಚು ಕೀಲಿಗಳಿಲ್ಲ.

ಅಂಕಿ ಬಂದ ಮೇಲಿನ ಕೆಲಸ

ಯಾವ ದಾರಿಯಲ್ಲಿ ಬಂದಿದ್ದರೂ ಅಂಕಿಗಳನ್ನು ಬಂದಂತೆಯೇ ನಂಬಬಾರದು. ಚಿಪ್‌ನಲ್ಲಿ ಎಂಟು ಉಷ್ಣತೆಯ ಜಾಗವಿದ್ದು ಬೋರ್ಡಿನವರು ಮೂರಕ್ಕೆ ಮಾತ್ರ ಸೆನ್ಸರ್ ಜೋಡಿಸಿದ್ದರೆ, ಉಳಿದ ಐದು ಖಾಲಿ ಪಿನ್‌ಗಳು ಮೈನಸ್ 60 ಎಂದೋ 127 ಎಂದೋ ತೋರಿಸುತ್ತವೆ. ಅವನ್ನು ಕಂಡು ಬೋರ್ಡ್ ಸುಟ್ಟಿತೆಂದು ಹೌಹಾರಬೇಕಿಲ್ಲ. ಇಟಿಸಿ ಕೆಳಗಿನ ‘ಸೆನ್ಸರ್ಸ್.ಡಿ’ ಫೋಲ್ಡರಿನ ಫೈಲಿನಲ್ಲಿ ಇಗ್ನೋರ್ ಎಂದು ಬರೆದರಾಯಿತು. 12 ವೋಲ್ಟಿನ ತಂತಿ 1 ವೋಲ್ಟ್ ಎಂದು ತೋರಿಸಿದರೆ ಎಸ್‌ಎಂಪಿಎಸ್ ಕೆಟ್ಟಿಲ್ಲ: ಚಿಪ್ ಅಷ್ಟು ವೋಲ್ಟೇಜ್ ತಾಳದ ಕಾರಣ ಎರಡು ರೆಸಿಸ್ಟರ್‌ಗಳಿಂದ ಭಾಗಿಸಿ ಕೊಡಲಾಗಿರುತ್ತದೆ, ಆ ಭಾಗಲಬ್ಧವನ್ನು ಮತ್ತೆ ಗುಣಿಸುವ ‘ಕಂಪ್ಯೂಟ್’ ಸಾಲನ್ನು ಅದೇ ಫೈಲಿನಲ್ಲಿ ಬರೆಯಬೇಕು. ಮೊದಲ ತಲೆಮಾರಿನ ರೈಜನ್ 1700ಎಕ್ಸ್, 1800ಎಕ್ಸ್ ಪ್ರೊಸೆಸರ್‌ಗಳು ಫ್ಯಾನ್ ನಿಯಂತ್ರಣಕ್ಕೆಂದು ಕೊಡುವ ‘ಟಿಸಿಟಿಎಲ್’ ಅಂಕಿ ನಿಜವಾದ ಉಷ್ಣತೆಗಿಂತ 20 ಡಿಗ್ರಿ ಹೆಚ್ಚು. ಅದು ಎಎಂಡಿಯವರೇ ಬೇಕೆಂದು ಇಟ್ಟದ್ದು.

ಫ್ಯಾನ್ ನಿಯಂತ್ರಣಕ್ಕೆ ಇಳಿಯುವವರಿಗೆ ನನ್ನದೇ ಒಂದು ಪಾಠ. ‘ಪಿಡಬ್ಲ್ಯೂಎಂಕಾನ್ಫಿಗ್’ ಎಂಬ ಸ್ಕ್ರಿಪ್ಟ್ ಯಾವ ನಿಯಂತ್ರಕಕ್ಕೆ ಯಾವ ಫ್ಯಾನ್ ಎಂದು ತಿಳಿಯಲು ಒಂದೊಂದನ್ನೇ ಪೂರ್ತಿ ನಿಲ್ಲಿಸಿ ನೋಡುತ್ತದೆ. ಅದನ್ನು ನಡೆಸುವಾಗ ನನ್ನ ಯಂತ್ರದ ಲಿಕ್ವಿಡ್ ಕೂಲರಿನ ಪಂಪ್ ಸಹ ಬೋರ್ಡಿನ ಫ್ಯಾನ್ ಪಿನ್ನಿಗೇ ಜೋಡಿಸಿದೆಯೆಂಬುದನ್ನು ಮರೆತಿದ್ದೆ. ಸ್ಕ್ರಿಪ್ಟ್ ನಿಧಾನವಾಗಿ ಪ್ರಶ್ನೆ ಕೇಳುತ್ತಿರುವಾಗ ಪಕ್ಕದ ಕಿಟಕಿಯಲ್ಲಿ ಪ್ರೊಸೆಸರಿನ ಉಷ್ಣತೆ 45ರಿಂದ 80 ದಾಟಿತ್ತು. ಕಂಟ್ರೋಲ್-ಸಿ ಒತ್ತಿ ಬಚಾವಾದೆ. ಇನ್ನೊಂದು ವಿಷಯ: ‘ಪಿಡಬ್ಲ್ಯೂಎಂ1 ಎನೇಬಲ್’ ಫೈಲಿನಲ್ಲಿ 1 ಇದ್ದರೆ ನಿಯಂತ್ರಣ ನಿಮ್ಮ ಕೈಯಲ್ಲಿ, 2 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಿಪ್‌ನ ಕೈಯಲ್ಲಿ. ನಿಮ್ಮ ಪ್ರೋಗ್ರಾಂ 1ರಲ್ಲಿಟ್ಟು ಹಠಾತ್ತನೆ ಸತ್ತರೆ ಫ್ಯಾನ್ ಕೊನೆಯ ವೇಗದಲ್ಲೇ ಉಳಿಯುತ್ತದೆ, ಯಂತ್ರ ಎಷ್ಟೇ ಬಿಸಿಯಾಗಲಿ. ಜೊತೆಗೆ ಕರ್ನಲ್ ಸೆನ್ಸರ್ ಅಂಕಿಗಳನ್ನು ತೋರಿಸುವ ಎಚ್‌ಡಬ್ಲ್ಯೂಮಾನ್ ಫೋಲ್ಡರ್‌ಗಳ ಸಂಖ್ಯೆ ಪ್ರತಿ ಬೂಟ್‌ಗೆ ಬದಲಾಗಬಹುದು. ನಿನ್ನೆ 2 ಆಗಿದ್ದದ್ದು ಇಂದು 4. ಆದ್ದರಿಂದ ಸ್ವಂತ ಸ್ಕ್ರಿಪ್ಟ್ ಬರೆಯುವವರು ಸಂಖ್ಯೆಯನ್ನಲ್ಲ, ಒಳಗಿರುವ ‘ನೇಮ್’ ಫೈಲನ್ನು ನೋಡಿ ಹುಡುಕಬೇಕು.

ಹಾಗಾದರೆ ಯಾರಿಗೆ ಯಾವುದು

ಮುಖ್ಯ ಪ್ರಶ್ನೆ ಒಂದೇ: ನಿಮಗೆ ಓದಬೇಕೋ, ನಿಯಂತ್ರಿಸಬೇಕೋ? ಬೇಸಿಗೆಯಲ್ಲಿ ಯಂತ್ರ ಕಾಯುತ್ತಿದೆಯೇ ಎಂದು ತಿಳಿಯುವುದಷ್ಟೇ ಉದ್ದೇಶವಾದರೆ ಪ್ರೊಸೆಸರಿನ ಡ್ರೈವರ್, ಎನ್‌ವಿಎಂಇ ಡಿಸ್ಕ್ ತಾನೇ ಕೊಡುವ ಉಷ್ಣತೆ, ಸಾಟಾ ಡಿಸ್ಕ್‌ಗಳಿಗೆ ಕರ್ನಲ್ 5.6ರಿಂದ ಇರುವ ‘ಡ್ರೈವ್‌ಟೆಂಪ್’ ಮಾಡ್ಯೂಲ್ ಇಷ್ಟು ಸಾಕು. ಫ್ಯಾನಿನ ವೇಗದ ರೇಖೆಯನ್ನು ಬಯಾಸ್ ಪರದೆಯಲ್ಲೇ ಒಮ್ಮೆ ಹೊಂದಿಸಿಟ್ಟರೆ ಸೂಪರ್ ಐಒ ಚಿಪ್ ಲಿನಕ್ಸ್‌ನ ಹಂಗಿಲ್ಲದೆ ತನ್ನ ಕೆಲಸ ಮಾಡುತ್ತದೆ. ಬಹುಪಾಲು ಮನೆಬಳಕೆಯವರಿಗೆ ನಾನು ಹೇಳುವುದು ಇದನ್ನೇ. ಸೆನ್ಸರ್ಸ್ ಪಟ್ಟಿಯಲ್ಲಿ ಫ್ಯಾನ್ ಕಾಣದಿರುವುದು ಕಣ್ಣಿಗೆ ಕೊರತೆಯೇ ಹೊರತು ಯಂತ್ರಕ್ಕಲ್ಲ.

ಜಿಪಿಯು ಬಿಸಿಗೆ ತಕ್ಕಂತೆ ಕ್ಯಾಬಿನೆಟ್ ಫ್ಯಾನ್ ತಿರುಗಬೇಕು ಎನ್ನುವಂಥ, ಬಯಾಸ್ ಮಾಡಲಾಗದ ಅಗತ್ಯವಿದ್ದವರು ಮಾತ್ರ ಮುಂದಕ್ಕೆ ಹೋಗಬೇಕು. ಅವರು ಮೊದಲು ಕರ್ನಲ್ ಹೊಸದು ಮಾಡಿ, ಆಮೇಲೆ ಒಳಗಿನ ಡ್ರೈವರ್, ಆಮೇಲೆ ಫರ್ಮ್‌ವೇರ್ ಮೂಲಕದ ಡ್ರೈವರ್, ಅದೂ ಆಗದಿದ್ದರೆ ಹೊರಗಿನ ಡ್ರೈವರ್ ನೋಡಬೇಕು. ಘರ್ಷಣೆಯನ್ನು ಕಡೆಗಣಿಸಬೇಕಾಗಿ ಬಂದರೆ ಒಂದು ಮಾಡ್ಯೂಲಿಗೆ ಸೀಮಿತವಾಗಿ ಮಾಡಬೇಕು. ಲ್ಯಾಕ್ಸ್ ಎಲ್ಲಕ್ಕಿಂತ ಕೊನೆಗೆ, ಅದೂ ಓದುವುದಕ್ಕೆ. ಅದನ್ನು ಹಾಕಿಕೊಂಡು ಫ್ಯಾನ್ ನಿಯಂತ್ರಣಕ್ಕೆ ಬರೆಯುವುದನ್ನು ನಾನು ಯಾರಿಗೂ ಹೇಳಲಾರೆ.

ಹೊಸ ಬೋರ್ಡ್ ಕೊಳ್ಳಲಿರುವವರಿಗೆ ಈ ತಲೆನೋವನ್ನು ಅಂಗಡಿಯಲ್ಲೇ ತಪ್ಪಿಸಿಕೊಳ್ಳುವ ಅವಕಾಶವಿದೆ. ಪೆಟ್ಟಿಗೆಯ ಮೇಲಾಗಲಿ ಕರಪತ್ರದಲ್ಲಾಗಲಿ ಸೂಪರ್ ಐಒ ಹೆಸರು ಎದ್ದು ಕಾಣುವಂತೆ ಇರುವುದಿಲ್ಲ. ಆದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಬೋರ್ಡನ್ನು ಪೆಟ್ಟಿಗೆಯಿಂದ ತೆಗೆದು ತೋರಿಸಿದಾಗ, ಅಂಚಿನ ಹತ್ತಿರ, ಸಾಮಾನ್ಯವಾಗಿ ಕೆಳಭಾಗದಲ್ಲಿ, ನಾಲ್ಕೂ ಬದಿಗೆ ಕಾಲುಗಳಿರುವ ಉಗುರಿನಗಲದ ಕಪ್ಪು ಚೌಕದ ಮೇಲೆ ಐಟಿಇ ಎಂದೋ ನುವೊಟಾನ್ ಎಂದೋ ಬರೆದಿರುತ್ತದೆ. ಫೋನಿನ ಟಾರ್ಚನ್ನು ಓರೆಯಾಗಿ ಹಿಡಿದು ಒಂದು ಫೋಟೊ ತೆಗೆದುಕೊಂಡು, ಆ ಸಂಖ್ಯೆ ಕರ್ನಲ್ಲಿನ ಎಚ್‌ಡಬ್ಲ್ಯೂಮಾನ್ ದಾಖಲೆಯಲ್ಲಿ ಇದೆಯೇ ಎಂದು ಅಲ್ಲೇ ನಿಂತು ಹುಡುಕಿ ನೋಡಲು ಎರಡು ನಿಮಿಷ ಸಾಕು.